ಹಾವು ತಿಂದದ್ದನ್ನು ಕಕ್ಕುತ್ತಿದೆ: ಸಾಕು ಹಾವುಗಳ ಹೊಟ್ಟೆಯ ತೊಂದರೆಗಳ ಪ್ರಶ್ನೋತ್ತರ

ನಿರ್ವಾಹಕರು: ಸರೀಸೃಪಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯೆಯೊಬ್ಬರು ಇಂದು ಸಂಜೆ ಗುಂಪಿನಲ್ಲಿ ಉತ್ತರಿಸುತ್ತಾರೆ. ಹಾವಿನ ಜಾತಿ, ವಯಸ್ಸು, ತೂಕ, ಪೆಟ್ಟಿಗೆಯ ಉಷ್ಣತೆ ಬರೆದೇ ಕೇಳಿ. ಹೆಸರು ಬೇಡ, ಊರು ಸಾಕು.

ಜಯನಗರ: ನಮಸ್ಕಾರ ಮೇಡಂ. ಮೂರು ವರ್ಷದ ಗಂಡು ಬಾಲ್ ಪೈಥಾನ್, ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ನವೆಂಬರಿನಿಂದ ಇಲಿ ಮುಟ್ಟಿಲ್ಲ. 1,150 ಗ್ರಾಂ ಇದ್ದದ್ದು 1,110ಕ್ಕೆ ಇಳಿದಿದೆ. ಬಹಳ ಗಾಬರಿಯಾಗಿದೆ.

ವೈದ್ಯೆ: ನಮಸ್ಕಾರ. ತೂಕ ಬರೆದಿಟ್ಟಿರುವುದು ಒಳ್ಳೆಯದಾಯಿತು. ಇಳಿಕೆ ನೂರಕ್ಕೆ ನಾಲ್ಕೂ ಇಲ್ಲ. ಹತ್ತನ್ನು ದಾಟಿದರೆ ಕರೆತನ್ನಿ. ಬೆಳೆದ ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರುವುದುಂಟು. ಬಿಸಿ ಬದಿ 31ರಿಂದ 33 ಡಿಗ್ರಿ, ತಂಪು ಬದಿ 25ರಿಂದ 27 ಇದೆಯೇ ನೋಡಿ. ಪೊರೆ ಬಿಡುವ ಮುನ್ನ ಕಣ್ಣು ಮಂಜಾದಾಗ ಆಹಾರ ತೋರಿಸಲೇಬೇಡಿ. ಉಳಿದ ಸಮಯದಲ್ಲಿ ಹತ್ತು ದಿನಕ್ಕೊಮ್ಮೆ ತೋರಿಸಿ, ತಿನ್ನದಿದ್ದರೆ ತೆಗೆದುಬಿಡಿ. ದಿನವೂ ಮೂಗಿನ ಮುಂದೆ ಹಿಡಿದರೆ ಇನ್ನಷ್ಟು ಬೆದರುತ್ತದೆ.

ಹುಬ್ಬಳ್ಳಿ: ಇನ್ನೊಂದು ಗುಂಪಿನಿಂದ ಬಂದದ್ದು: "ಹಾವು ಆಹಾರ ಬಿಟ್ಟರೆ ಓಂಕಾಳಿನ ಕಷಾಯ ನಾಲ್ಕು ಹನಿ ಬಾಯಿಗೆ ಬಿಡಿ, ಒಂದೇ ದಿನದಲ್ಲಿ ಹಸಿವು ಕೆರಳುತ್ತದೆ. ಎಲ್ಲರಿಗೂ ಹಂಚಿ."

ವೈದ್ಯೆ: ಹಂಚಬೇಡಿ. ಹಾವಿನ ಶ್ವಾಸನಾಳದ ಬಾಯಿ ಕೆಳದವಡೆಯ ಮೇಲೆ, ನಾಲಿಗೆಯ ಹಿಂದೆಯೇ ತೆರೆದುಕೊಂಡಿರುತ್ತದೆ. ಬಲವಂತವಾಗಿ ಬಿಟ್ಟ ದ್ರವ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಹಾಲಿಗೂ ಇದೇ ಮಾತು.

ತುಮಕೂರು: ನನ್ನ ಬಾಲ್ ಪೈಥಾನ್ ಕೂಡ ತಿನ್ನುತ್ತಿಲ್ಲ. ಏನು ಮಾಡಲಿ?

ವೈದ್ಯೆ: ಜಯನಗರದವರಿಗೆ ಬರೆದದ್ದನ್ನು ಓದಿ.

ಮೈಸೂರು: ಮೇಡಂ, ನಾಲ್ಕು ವರ್ಷದ ಹೆಣ್ಣು ಕಾರ್ನ್ ಸ್ನೇಕ್, ಅಮೆರಿಕದ ವಿಷವಿಲ್ಲದ ಹಾವು. ತಿಂದ ಮೂರನೆಯ ದಿನ ಕಕ್ಕುತ್ತದೆ. ಇದು ಮೂರನೆಯ ಸಲ. ಇಲಿಯ ತಲೆಯ ಕಡೆ ಕರಗಿ ಮೂಳೆ ಕಾಣುತ್ತಿರುತ್ತದೆ, ಬಾಲದ ಕಡೆ ರೋಮ ಹಾಗೆಯೇ ಇರುತ್ತದೆ, ಸುತ್ತ ದಪ್ಪ ಲೋಳೆ. ಬಿಸಿ ಬದಿ 29 ಡಿಗ್ರಿ. ಪ್ರತಿ ಸಲವೂ ಒಂದು ವಾರ ಬಿಟ್ಟು ಅದೇ ಗಾತ್ರದ ಇಲಿ ಕೊಟ್ಟಿದ್ದೇನೆ. ಮನೆಯಲ್ಲಿ ಇನ್ನೆರಡು ಹಾವುಗಳಿವೆ.

ವೈದ್ಯೆ: ಕೂಡಲೇ ಉತ್ತರಿಸಿ. ದೇಹದ ನಡುಭಾಗದಲ್ಲಿ, ಏನೂ ತಿನ್ನದ ದಿನವೂ ಇಳಿಯದ ಉಬ್ಬು ಇದೆಯೇ? ಈಚೆಗೆ ಹೊಸ ಹಾವು ತಂದಿರಾ? ಮೂರಕ್ಕೂ ಇಲಿ ಹಿಡಿದು ಕೊಡಲು ಒಂದೇ ಇಕ್ಕಳವೇ?

ಕೊಪ್ಪಳ: ಬದುಕಿರುವ ಇಲಿ ಹಾಕಿದರೆ ಈ ಕಕ್ಕುವ ರಗಳೆಯೇ ಇರುವುದಿಲ್ಲ. ಫ್ರೀಜರಿನ ಹೆಣ ತಿನ್ನಿಸಿದರೆ ಇನ್ನೇನಾಗುತ್ತದೆ?

ಮಂಗಳೂರು: ಬದುಕಿರುವ ಇಲಿ ನನ್ನ ಹಾವಿನ ಬೆನ್ನನ್ನು ಕಚ್ಚಿ ಮೂಳೆ ಕಾಣುವಷ್ಟು ಹರಿದಿತ್ತು. ಗೊತ್ತಿಲ್ಲದೆ ಬರೆಯಬೇಡಿ.

ಕೊಪ್ಪಳ: ಕಾಡಿನಲ್ಲಿ ಹಾವಿಗೆ ಯಾರು ಫ್ರಿಜ್ ಇಟ್ಟಿದ್ದಾರೆ?

ಮಂಗಳೂರು: ಕಾಡಿನಲ್ಲಿ ಓಡಿಹೋಗಲು ಜಾಗವಿದೆ. ನಿಮ್ಮ ಎರಡಡಿ ಪೆಟ್ಟಿಗೆಯಲ್ಲಿ ಎಲ್ಲಿದೆ?

ವೈದ್ಯೆ: ಮಂಗಳೂರಿನವರು ಹೇಳಿದ್ದು ಸರಿ. ಹೆಪ್ಪುಗಟ್ಟಿದ ಇಲಿಯನ್ನು ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ಕರಗಿಸಿ, ಕೊಡುವ ಮುನ್ನ ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ. ಒಳಗೆ ಮಂಜುಗಡ್ಡೆ ಉಳಿದಿರಬಾರದು. ಮೈಕ್ರೋವೇವ್ ಬೇಡ. ಈ ಜಗಳ ಇಲ್ಲಿಗೆ ನಿಲ್ಲಲಿ, ಮೈಸೂರಿನವರ ಉತ್ತರ ನನಗೆ ಬೇಕು.

ಮೈಸೂರು: ಉಬ್ಬು ಇದೆ ಮೇಡಂ. ಎರಡು ಬೆರಳಿನಷ್ಟು ಉದ್ದ, ಗಟ್ಟಿ. ಬೆನ್ನುಮೂಳೆ ಎದ್ದು ಕಾಣುತ್ತಿದೆ. ಜುಲೈಯಲ್ಲಿ ಒಂದು ಗಂಡು ತಂದೆ, ನೇರವಾಗಿ ಪಕ್ಕದ ಪೆಟ್ಟಿಗೆಗೆ ಬಿಟ್ಟೆ. ಇಕ್ಕಳ ಒಂದೇ.

ವೈದ್ಯೆ: ಉದ್ದವಾಗಿ ಬರೆಯುತ್ತೇನೆ, ಪೂರ್ತಿ ಓದಿ. ತಿಂದ ಮರುದಿನ ಇಡೀ ಇಲಿ ಹೊರಬಂದಿದ್ದರೆ ಮೊದಲು ಚಳಿ, ಇಲಿಯ ಗಾತ್ರ, ಊಟವಾದ ಎರಡು ದಿನದೊಳಗೆ ಕೈಯಲ್ಲಿ ಎತ್ತಿ ಆಡಿಸಿದ್ದು, ಇವನ್ನು ವಿಚಾರಿಸುತ್ತಿದ್ದೆ. ಅರ್ಧ ಜೀರ್ಣವಾದದ್ದು ಮತ್ತೆ ಮತ್ತೆ ಬರುತ್ತಿದೆ, ಉಷ್ಣತೆ ಸರಿಯಿದೆ, ಮೈ ಸೊರಗುತ್ತಿದೆ, ಜಠರ ಇರುವ ಜಾಗದಲ್ಲಿ ಉಬ್ಬು ನಿಂತಿದೆ. ನನ್ನ ಅನುಮಾನ ಕ್ರಿಪ್ಟೋಸ್ಪೋರಿಡಿಯಂ ಸರ್ಪೆಂಟಿಸ್ ಎಂಬ ಪರೋಪಜೀವಿಯ ಮೇಲೆ. ಅದು ಜಠರದ ಒಳಪದರದಲ್ಲಿ ನೆಲೆಸುತ್ತದೆ, ಗೋಡೆ ದಪ್ಪವಾಗುತ್ತದೆ, ಆಹಾರಕ್ಕೆ ಜಾಗವೂ ಜೀರ್ಣಶಕ್ತಿಯೂ ಉಳಿಯುವುದಿಲ್ಲ. ಗಡ್ಡೆ, ಕೀವುಗಂಟು, ಸಿಕ್ಕಿಕೊಂಡ ವಸ್ತು ಕೂಡ ಹೀಗೆಯೇ ಕಾಣಬಹುದು, ಆದ್ದರಿಂದ ಎಕ್ಸ್-ರೇ ಮತ್ತು ಜಠರ ತೊಳೆದ ದ್ರವದ ಪಿಸಿಆರ್ (ರೋಗಾಣುವಿನ ಡಿಎನ್ಎ ಹುಡುಕುವ) ಪರೀಕ್ಷೆ ಎರಡೂ ಆಗಬೇಕು. ರೋಗಾಣು ಪ್ರತಿದಿನ ಹೊರಬೀಳುವುದಿಲ್ಲ. ಒಂದು ಪರೀಕ್ಷೆಯಲ್ಲಿ ಸಿಗಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಅಲ್ಲಿಯವರೆಗೆ ಆಹಾರ ಬೇಡ, ಶುದ್ಧ ನೀರು ಸದಾ ಇರಲಿ. ಕಕ್ಕಿದಾಗಲೆಲ್ಲ ಅನ್ನನಾಳ ಉರಿಯುತ್ತದೆ, ನೀರಿನಂಶ ಹೋಗುತ್ತದೆ. ವಾರಕ್ಕೇ ಅದೇ ಗಾತ್ರದ ಇಲಿ ಕೊಡುವುದು ತಪ್ಪು. ಸಾಮಾನ್ಯ ಕಾರಣಕ್ಕೆ ಕಕ್ಕಿದ ಹಾವಿಗೂ ಕನಿಷ್ಠ ಎರಡು ವಾರ ಬಿಡುವು ಕೊಟ್ಟು, ಆಮೇಲೆ ಅರ್ಧ ಗಾತ್ರದ್ದರಿಂದ ಆರಂಭಿಸಬೇಕು.

ಹುಬ್ಬಳ್ಳಿ: ಮೊಸರಿನ ತಿಳಿ ಕುಡಿಸಿದರೆ ಹೊಟ್ಟೆಯ ಉರಿ ಇಳಿಯುತ್ತದೆಂದು ಓದಿದ್ದೆ.

ವೈದ್ಯೆ: ಹುಬ್ಬಳ್ಳಿಯವರೇ, ಒಂದು ಪ್ರಾಣಿ ಸಾಯುವ ಸ್ಥಿತಿಯಲ್ಲಿದೆ. ಬಂದ ಸಂದೇಶಗಳನ್ನು ಇಲ್ಲಿ ಸುರಿಯುವುದನ್ನು ನಿಲ್ಲಿಸಿ.

ಹುಬ್ಬಳ್ಳಿ: ಒಳ್ಳೆಯದಕ್ಕೇ ಹೇಳಿದೆ. ಇಷ್ಟು ಸಿಟ್ಟು ಯಾಕೆ?

ಮೆಲ್ಬರ್ನ್: ಇಲ್ಲಿ ಪರವಾನಗಿ ಪಡೆದು ಕಾರ್ಪೆಟ್ ಪೈಥಾನ್ ಎಂಬ ಹೆಬ್ಬಾವು ಸಾಕಿದ್ದೇನೆ. ಆರು ವಾರಗಳಿಂದ ಮಲ ಹಾಕಿಲ್ಲ. ಎಂದಿನಂತೆ ತಿನ್ನುತ್ತಿದೆ.

ವೈದ್ಯೆ: ದೊಡ್ಡ ಹೆಬ್ಬಾವುಗಳು ವಾರಗಟ್ಟಲೆ ತಡೆದುಕೊಳ್ಳುತ್ತವೆ. ಸದ್ಯಕ್ಕೆ ಆಹಾರ ನಿಲ್ಲಿಸಿ. ಸುಮಾರು 30 ಡಿಗ್ರಿಯ ನೀರಿನಲ್ಲಿ, ತಲೆ ಮೇಲಿರುವಷ್ಟೇ ಆಳದಲ್ಲಿ, ಇಪ್ಪತ್ತು ನಿಮಿಷ ಬಿಡಿ, ಪಕ್ಕದಲ್ಲೇ ಇರಿ. ಬಾಲದ ಹತ್ತಿರ ಗಟ್ಟಿ ಗಂಟು ಸಿಕ್ಕರೆ ಒತ್ತಬೇಡಿ, ಎಕ್ಸ್-ರೇ ಮಾಡಿಸಿ. ಹರಳೆಣ್ಣೆ ಎಂದು ಯಾರೂ ಬರೆಯಬೇಡಿ.

ಧಾರವಾಡ: ಗಂಡು ಹೆಣ್ಣು ಗುರುತಿಸುವುದು ಹೇಗೆ ಮೇಡಂ?

ಶಿರಸಿ: ತೋಟದಲ್ಲಿ ಸಿಕ್ಕ ಕೆರೆಹಾವಿನ ಮರಿಯನ್ನು ಸಾಕುತ್ತಿದ್ದೇನೆ. ಕಪ್ಪೆ ಹಾಕಿದರೂ ತಿನ್ನುತ್ತಿಲ್ಲ.

ವೈದ್ಯೆ: ಅದನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆರೆಹಾವಿಗೂ ಅನ್ವಯಿಸುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ. ತಿನ್ನದಿರುವುದು ಹೆದರಿಕೆಗೆ.

ಶಿರಸಿ: ಆಫ್ರಿಕಾದ ಹಾವನ್ನು ದುಡ್ಡು ಕೊಟ್ಟು ಸಾಕಬಹುದು, ನಮ್ಮ ತೋಟದ ಹಾವನ್ನು ಸಾಕಬಾರದು. ಇದು ಯಾವ ನ್ಯಾಯ?

ಜಯನಗರ: ವಿದೇಶಿ ಜಾತಿಗಳನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು ಸ್ವಾಮಿ. ನಾನು ಮಾಡಿಸಿದ್ದೇನೆ.

ಶಿರಸಿ: ಕಾಗದ ಇದ್ದರೆ ಹಾವಿಗೆ ಸುಖವೇ? ನಿಮ್ಮದೂ ತಿನ್ನುತ್ತಿಲ್ಲವಲ್ಲ.

ಕೊಪ್ಪಳ: ಸರಿಯಾಗಿ ಕೇಳಿದಿರಿ.

ನಿರ್ವಾಹಕರು: ಕಾನೂನಿನ ಚರ್ಚೆ ಇಲ್ಲಿ ಬೇಡ.

ಹಾಸನ: ನನ್ನ ಬಾಲ್ ಪೈಥಾನ್ ಎರಡು ತಿಂಗಳಿಂದ ತಿನ್ನುತ್ತಿಲ್ಲ.

ವೈದ್ಯೆ: ಮೇಲೆ ಇದೆ.

ಹಾಸನ: ಎರಡು ಪದಕ್ಕಿಂತ ಹೆಚ್ಚು ಬರೆಯಲಾಗುವುದಿಲ್ಲವೇ?

ಮೈಸೂರು: ಮೇಡಂ, ಇದಕ್ಕೆ ಔಷಧಿ ಇದೆಯೇ? ಪೆಟ್ಟಿಗೆಗಳನ್ನು ಬ್ಲೀಚಿನಿಂದ ತೊಳೆದರೆ ಸಾಕೇ?

ವೈದ್ಯೆ: ಕ್ರಿಪ್ಟೋಸ್ಪೋರಿಡಿಯಂ ಎಂದು ಖಚಿತವಾದರೆ, ನಂಬಿ ಕೊಡಬಹುದಾದಂಥ, ರೋಗ ಗುಣಪಡಿಸುವ ಔಷಧಿ ಇಲ್ಲ. ಕೆಲವು ಔಷಧಿಗಳು ರೋಗಾಣು ಹೊರಬೀಳುವುದನ್ನು ತಗ್ಗಿಸುತ್ತವೆ, ಅಷ್ಟೆ. ಹಾವು ನರಳುವ ಹಂತಕ್ಕೆ ಬಂದರೆ ದಯಾಮರಣದ ಮಾತು ಆಡಬೇಕಾಗುತ್ತದೆ. ಈಗಲೇ ತಿಳಿಸುತ್ತಿದ್ದೇನೆ, ಕ್ಷಮಿಸಿ. ಆದರೆ ಪರೀಕ್ಷೆ ಆಗುವವರೆಗೆ ಇದು ಅನುಮಾನ ಮಾತ್ರ.

ಬ್ಲೀಚಿಗೆ ಈ ರೋಗಾಣು ಸಾಯುವುದಿಲ್ಲ. ಮರದ ತುಂಡು, ಹಾಸು ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಎಸೆಯಿರಿ. ಇಕ್ಕಳ, ನೀರಿನ ಬಟ್ಟಲು ಕುದಿಯುವ ನೀರಿನಲ್ಲಿರಲಿ. ಪ್ರತಿ ಹಾವಿಗೂ ಬೇರೆ ಇಕ್ಕಳ, ರೋಗಿಯನ್ನು ಕೊನೆಯಲ್ಲಿ ಮುಟ್ಟಿ, ಪ್ರತಿ ಸಲವೂ ಕೈ ತೊಳೆಯಿರಿ. ಕಕ್ಕಿದ ಇಲಿಯನ್ನು ಇನ್ನೊಂದು ಹಾವಿಗೆ ಕೊಡುವುದು ಸಲ್ಲದು. ಹೊಸ ಹಾವನ್ನು ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿ ಇಡಬೇಕಿತ್ತು. ಉಳಿದವರು ಇದನ್ನು ಗಮನಿಸಿ.

ಮೈಸೂರು: ನಾಳೆ ಬೆಳಿಗ್ಗೆ ಕರೆತರುತ್ತೇನೆ. ಮೂರನ್ನೂ ತರಲೇ?

ವೈದ್ಯೆ: ಬೇಡ. ಅದೊಂದನ್ನೇ, ಗಾಳಿಯಾಡುವ ಬಟ್ಟೆಚೀಲದಲ್ಲಿ, ಮುಚ್ಚಳವಿರುವ ಡಬ್ಬಿಯೊಳಗೆ ತನ್ನಿ. ಉಳಿದೆರಡರ ಮಲವನ್ನು ಬೇರೆಬೇರೆ ಡಬ್ಬಿಗಳಲ್ಲಿ ತನ್ನಿ, ಯಾವುದು ಯಾರದೆಂದು ಬರೆದಿರಲಿ. ಕೊನೆಯ ಸಲ ಕಕ್ಕಿದ್ದು ಇನ್ನೂ ಇದ್ದರೆ ಅದನ್ನೂ ತನ್ನಿ.

ಹುಬ್ಬಳ್ಳಿ: ದಾರಿಯಲ್ಲಿ ಗ್ಲೂಕೋಸ್ ನೀರು ಕುಡಿಸಬಹುದೇ?

ವೈದ್ಯೆ: ಕುಡಿಸಬೇಡಿ. ಏನನ್ನೂ ಕುಡಿಸಬೇಡಿ.