ಮನೆ ವೈ-ಫೈ ಹೆಸರು ಟ್ಯಾಬ್‌ನಲ್ಲಿ ಕಾಣಿಸುತ್ತಲೇ ಇಲ್ಲ, ಪಕ್ಕದ ಮನೆಯದ್ದು ಕಾಣಿಸುತ್ತದೆ (ಪರಿಹಾರ ಸಿಕ್ಕಿದೆ)

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮನೆಗೆ ಫೈಬರ್ ಇಂಟರ್ನೆಟ್ ಇದೆ. ಯಕ್ಷಗಾನ ನೋಡಲು ಫೋನಿನ ಪರದೆ ಸಾಲುವುದಿಲ್ಲ ಅಂತ ಅಕ್ಕ ಅಪ್ಪನಿಗೆ ಎಂಟು ಇಂಚಿನ ಆಂಡ್ರಾಯ್ಡ್ ಟ್ಯಾಬ್ ಕೊಟ್ಟಿದ್ದಾಳೆ. ಅದಕ್ಕೆ ಸಿಮ್ ಹಾಕಲು ಜಾಗವಿಲ್ಲ, ವೈ-ಫೈ ಮಾತ್ರ.

ಟ್ಯಾಬ್‌ನಲ್ಲಿ ವೈ-ಫೈ ಆನ್ ಮಾಡಿದರೆ ನಮ್ಮ ಮನೆಯ ನೆಟ್‌ವರ್ಕ್ ಹೆಸರೇ ಬರುವುದಿಲ್ಲ. ಪಕ್ಕದ ಮನೆಯವರದ್ದು ಒಂದು ಗೆರೆ ಸಿಗ್ನಲ್‌ನಲ್ಲಿ ಕಾಣಿಸುತ್ತದೆ. ನಮ್ಮ ರೂಟರ್ ಪಕ್ಕದಲ್ಲೇ ಕೂತು ನೋಡಿದರೂ ಅಷ್ಟೇ. ಮನೆಯಲ್ಲಿರುವ ಎಲ್ಲ ಫೋನುಗಳೂ ಅದೇ ರೂಟರ್‌ಗೆ ಚೆನ್ನಾಗಿ ಕನೆಕ್ಟ್ ಆಗುತ್ತವೆ. ಟ್ಯಾಬ್ ಆಫ್ ಮಾಡಿ ಆನ್ ಮಾಡಿದೆ, ನೆಟ್‌ವರ್ಕ್ ಸೆಟ್ಟಿಂಗ್ ರಿಸೆಟ್ ಮಾಡಿದೆ, ಫ್ಯಾಕ್ಟರಿ ರಿಸೆಟ್ ಕೂಡ ಆಯಿತು. ಏನೂ ಬದಲಾಗಲಿಲ್ಲ.

ವಿಚಿತ್ರ ಅಂದರೆ, ಮೊದಲ ವಾರ ಸರಿಯಾಗಿಯೇ ಇತ್ತು. ಅಪ್ಪ ದಿನಾ ನೋಡುತ್ತಿದ್ದರು. ಆಮೇಲೆ ಒಂದು ದಿನ ಮಾಯ. ನಡುವೆ ಒಂದೆರಡು ದಿನ ತಾನಾಗಿ ಬಂತು, ಮತ್ತೆ ಹೋಯಿತು. ಟ್ಯಾಬ್ ಕೆಟ್ಟಿದೆಯಾ? ರಿಪೇರಿಗೆ ಶಿವಮೊಗ್ಗಕ್ಕೆ ಒಯ್ಯಬೇಕಾ?

ಕಡಲತೀರ:

ವೈ-ಫೈ ಅಲೆಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡ್‌ಗಳಲ್ಲಿ ಬರುತ್ತವೆ. ನಿಮ್ಮ ರೂಟರ್ 5ರಲ್ಲಿ ಇರಬಹುದು. ಕಡಿಮೆ ಬೆಲೆಯ ಟ್ಯಾಬ್ ಎಷ್ಟೋ 2.4 ಮಾತ್ರ ಹಿಡಿಯುತ್ತವೆ. ಅದಿಲ್ಲದಿದ್ದರೆ ರೂಟರ್‌ನಲ್ಲಿ ಮ್ಯಾಕ್ ಫಿಲ್ಟರ್ (ಗುರುತಿರುವ ಸಾಧನಗಳನ್ನು ಮಾತ್ರ ಒಳಗೆ ಬಿಡುವ ಆಯ್ಕೆ) ಆನ್ ಆಗಿದೆಯಾ ನೋಡಿ. ಆಂಡ್ರಾಯ್ಡ್ 10ರಿಂದ ಈಚೆಗೆ ಒಂದೊಂದು ನೆಟ್‌ವರ್ಕ್‌ಗೆ ಒಂದೊಂದು ಮ್ಯಾಕ್ ವಿಳಾಸ, ಅಂದರೆ ಸಾಧನದ ಗುರುತಿನ ಸಂಖ್ಯೆ, ಕೊಡುವ ಪದ್ಧತಿ ಬಂದಿದೆ. ಫಿಲ್ಟರ್ ಇದ್ದರೆ ಅದು ಹೊಸಬರು ಅಂತ ಹೊರಗೆ ಹಾಕುತ್ತದೆ.

ತೋಟದಮನೆ:

ಥ್ಯಾಂಕ್ಸ್. ರೂಟರ್ ಕೆಳಗಿನ ಚೀಟಿಯಲ್ಲಿ 2.4 ಅಂತ ಮಾತ್ರ ಇದೆ. ಕಂಪನಿಯವರು ಹಾಕಿಕೊಟ್ಟ ಸಾಮಾನ್ಯ ಪೆಟ್ಟಿಗೆ, 5 ಇಲ್ಲವೇ ಇಲ್ಲ. ಮ್ಯಾಕ್ ಫಿಲ್ಟರ್ ಆಫ್ ಆಗಿದೆ.

ಸಿಗ್ನಲ್ ಸಂಗಾತಿ:

ತೋಟದಮನೆಯವರೇ, ದಯವಿಟ್ಟು ಇನ್ನೊಂದು ಸಲ ಫ್ಯಾಕ್ಟರಿ ರಿಸೆಟ್ ಮಾಡಬೇಡಿ. ರಿಪೇರಿಗೂ ಈಗಲೇ ಒಯ್ಯಬೇಡಿ.

ವೈ-ಫೈ ಬರ್ತಾ ಇಲ್ಲ ಅಂತ ನಾವೆಲ್ಲ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಎಲ್ಲಿ ನಿಂತಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಮೊದಲು ಟ್ಯಾಬ್‌ಗೆ ನೆಟ್‌ವರ್ಕ್ ಹೆಸರು ಕಾಣಬೇಕು. ಆಮೇಲೆ ಪಾಸ್‌ವರ್ಡ್ ಒಪ್ಪಬೇಕು. ಆಮೇಲೆ ರೂಟರ್ ಅದಕ್ಕೊಂದು ಐಪಿ ವಿಳಾಸ (ನೆಟ್‌ವರ್ಕ್‌ನೊಳಗಿನ ಮನೆ ನಂಬರ್ ಇದ್ದಂತೆ) ಕೊಡಬೇಕು. ಕೊನೆಗೆ ಇಂಟರ್ನೆಟ್ ಹರಿಯಬೇಕು. ಮ್ಯಾಕ್ ಫಿಲ್ಟರ್ ಅಡ್ಡ ಬರುವುದು ಹೆಸರು ಕಂಡು, ಒತ್ತಿದ ಮೇಲೆ. ಫಿಲ್ಟರ್ ಇದ್ದರೂ ಹೆಸರು ಪಟ್ಟಿಯಲ್ಲಿ ಕಾಣಿಸುತ್ತದೆ. ಪಾಸ್‌ವರ್ಡ್ ತಪ್ಪಿದ್ದರೂ ಕಾಣಿಸುತ್ತದೆ. ನಿಮ್ಮದು ಮೊದಲ ಹೆಜ್ಜೆಯಲ್ಲೇ ನಿಂತಿದೆ. ಹಾಗಾಗಿ ಉಳಿದದ್ದನ್ನೆಲ್ಲ ಸದ್ಯಕ್ಕೆ ಬದಿಗಿಡಿ.

ರೂಟರ್ ಪಕ್ಕದಲ್ಲಿ ಕೂತರೂ ಕಾಣುವುದಿಲ್ಲ ಅಂದಿರಿ. ಹಾಗಾದರೆ ದೂರ, ಗೋಡೆ ಇವೆಲ್ಲ ಕಾರಣ ಅಲ್ಲ. ಪಕ್ಕದ ಮನೆಯದ್ದು ಕಾಣುತ್ತದೆ ಅಂದರೆ ಟ್ಯಾಬ್‌ನ ವೈ-ಫೈ ಭಾಗ ಕೆಟ್ಟಿಲ್ಲ. ನನಗೆ ಮೂರು ವಿಷಯ ಬೇಕು. ಟ್ಯಾಬ್ ಎಲ್ಲಿ ಕೊಂಡಿದ್ದು? ಹೆಸರು ಮಾಯವಾದ ದಿನಗಳಲ್ಲಿ ಅದಕ್ಕೆ ಮುಂಚೆ ಕರೆಂಟ್ ಹೋಗಿತ್ತಾ? ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದರೆ ಟ್ಯಾಬ್ ಅದನ್ನು ಹಿಡಿಯುತ್ತದಾ? ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 2.4 ಅಂತ ಇಟ್ಟು ನೋಡಿ. ಈಚಿನ ಕೆಲವು ಫೋನುಗಳು ಸುಮ್ನೆ ಬಿಟ್ಟರೆ 5ರಲ್ಲಿ ಶುರುವಾಗುತ್ತವೆ, ಆಗ ಪರೀಕ್ಷೆಗೆ ಅರ್ಥ ಇರುವುದಿಲ್ಲ.

ತೋಟದಮನೆ:

ಹಾಟ್‌ಸ್ಪಾಟ್ ತಕ್ಷಣ ಹಿಡಿಯಿತು! ವಿಡಿಯೊ ಕೂಡ ಓಡಿತು. ಟ್ಯಾಬ್ ಅಕ್ಕ ನ್ಯೂಜೆರ್ಸಿಯಿಂದ ಬರುವಾಗ ತಂದಿದ್ದು, ಅಲ್ಲೇ ಕೊಂಡಿದ್ದಂತೆ. ಕರೆಂಟ್ ವಿಷಯ ಕೇಳಿದಿರಿ, ಇದು ಮಳೆಗಾಲ, ನಮ್ಮಲ್ಲಿ ದಿನಾ ಹೋಗುತ್ತದೆ. ಮೊದಲ ಸಲ ಮಾಯವಾದಾಗ ಮರ ಬಿದ್ದು ಇಡೀ ರಾತ್ರಿ ಕರೆಂಟ್ ಇರಲಿಲ್ಲ. ಆದರೆ ಟ್ಯಾಬ್ ಚಾರ್ಜರ್‌ಗೆ ಹಾಕಿರಲಿಲ್ಲ. ಕರೆಂಟ್‌ಗೂ ಇದಕ್ಕೂ ಏನು ಸಂಬಂಧ?

ಸಿಗ್ನಲ್ ಸಂಗಾತಿ:

ಸಂಬಂಧ ಇರುವುದು ರೂಟರ್‌ಗೆ. ನನ್ನ ಅಂದಾಜು ಹೇಳುತ್ತೇನೆ, ನೀವು ಪರೀಕ್ಷಿಸಿ.

2.4 ಗಿಗಾಹರ್ಟ್ಸ್ ವೈ-ಫೈಯಲ್ಲಿ ಚಾನೆಲ್‌ಗಳಿರುತ್ತವೆ. 1ನೇ ಚಾನೆಲ್ 2412 ಮೆಗಾಹರ್ಟ್ಸ್, ಅಲ್ಲಿಂದ ಐದೈದು ಮೆಗಾಹರ್ಟ್ಸ್ ಮೇಲಕ್ಕೆ. 6ನೆಯದು 2437, 11ನೆಯದು 2462, 13ನೆಯದು 2472. ಭಾರತದಲ್ಲಿ, ಯುರೋಪಿನಲ್ಲಿ 1ರಿಂದ 13ರ ತನಕ ಬಳಸುತ್ತಾರೆ. ಅಮೆರಿಕದಲ್ಲಿ ಬಳಕೆ 11ಕ್ಕೆ ಮುಗಿಯುತ್ತದೆ. ಅಲ್ಲಿ ಬ್ಯಾಂಡಿನ ಮೇಲಂಚಿನ ಆಚೆ ಬೇರೆ ಬಳಕೆಗೆ ಕಾದಿಟ್ಟ ಜಾಗ ಇದೆ. ಸಿಗ್ನಲ್ ಅಲ್ಲಿಗೆ ಸೋರಬಾರದು ಅಂತ ನಿಯಮ ಬಿಗಿ. 12, 13 ಬಳಸಬೇಕಾದರೆ ಪವರ್ ತಗ್ಗಿಸಬೇಕು. ಆ ಗೊಡವೆ ಬೇಡ ಅಂತ ತಯಾರಕರು ಅಲ್ಲಿ ಮಾರುವ ಸಾಧನಗಳಲ್ಲಿ ಆ ಎರಡು ಚಾನೆಲ್‌ಗಳನ್ನು ಸಾಮಾನ್ಯವಾಗಿ ಮುಚ್ಚಿಯೇ ಕಳಿಸುತ್ತಾರೆ.

ನಿಮ್ಮ ರೂಟರ್‌ನಲ್ಲಿ ಚಾನೆಲ್ "ಆಟೋ" ಅಂತ ಇರುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಸುತ್ತ ನೋಡಿ ಖಾಲಿ ಕಂಡ ಚಾನೆಲ್ ಆರಿಸಿಕೊಳ್ಳುತ್ತದೆ. ಪಕ್ಕದ ಮನೆಯವರು 1 ಅಥವಾ 6ರಲ್ಲಿ ಇದ್ದರೆ ನಿಮ್ಮದು ದೂರ ಹೋಗಿ 13ರಲ್ಲಿ ಕೂರಬಹುದು. ಭಾರತದ ಫೋನುಗಳಿಗೆ ತೊಂದರೆ ಇಲ್ಲ. ಅಮೆರಿಕದ ಟ್ಯಾಬ್ ಮಾತ್ರ ಅಲ್ಲಿ ಹುಡುಕುವುದೇ ಇಲ್ಲ. ಹಳೆ ರೇಡಿಯೊದ ಮುಳ್ಳು ಭದ್ರಾವತಿ ಸ್ಟೇಷನ್ನಿಗೆ ಸ್ವಲ್ಪ ಮುಂಚೆಯೇ ನಿಂತುಬಿಟ್ಟರೆ ಹೇಗೋ ಹಾಗೆ. ಸ್ಟೇಷನ್ ಹಾಡುತ್ತಲೇ ಇರುತ್ತದೆ, ನಿಮಗೆ ಕೇಳುವುದಿಲ್ಲ. ಕೆಲವು ದಿನ ತಾನಾಗಿ ಸರಿಹೋಗುವುದೂ ಇದಕ್ಕೇ. ಮುಂದಿನ ಸಲ ಕರೆಂಟ್ ಬಂದಾಗ ರೂಟರ್ 4ಕ್ಕೋ 9ಕ್ಕೋ ಹೋಗಿರುತ್ತದೆ.

ಎಲ್ಲ ಅಮೆರಿಕದ ಟ್ಯಾಬ್‌ಗಳೂ ಹೀಗೆ ಮಾಡುವುದಿಲ್ಲ. ಫೋನಾದರೆ ಸಿಮ್ ನೋಡಿ ಯಾವ ದೇಶ ಅಂತ ತಿಳಿದುಕೊಳ್ಳಬಹುದು. ಕೆಲವು ಸಾಧನ ಸುತ್ತಲಿನ ರೂಟರ್‌ಗಳು ಹೇಳುವ ದೇಶದ ಗುರುತು ಓದಿ ಹೊಂದಿಕೊಳ್ಳುತ್ತವೆ. ನಿಮ್ಮದರಲ್ಲಿ ಸಿಮ್ ಇಲ್ಲ. ಅದು ಇನ್ನೂ ನ್ಯೂಜೆರ್ಸಿಯಲ್ಲೇ ಇದ್ದೇನೆ ಅಂದುಕೊಂಡಿದೆ.

ಈಗ ಖಚಿತ ಮಾಡಿಕೊಳ್ಳೋಣ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ವೈ-ಫೈ ಅನಲೈಜರ್ ಆ್ಯಪ್ ಹಾಕಿ. ಲೊಕೇಶನ್ ಆನ್ ಇರಬೇಕು, ಇಲ್ಲದಿದ್ದರೆ ಪಟ್ಟಿ ಖಾಲಿ ಬರುತ್ತದೆ. ನಿಮ್ಮ ನೆಟ್‌ವರ್ಕ್ ಹೆಸರಿನ ಎದುರು ಚಾನೆಲ್ ನಂಬರ್ ಇರುತ್ತದೆ. ಐಫೋನ್ ಮಾತ್ರ ಇದ್ದರೆ ಆಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದರೊಳಗಿನ ವೈ-ಫೈ ಸ್ಕ್ಯಾನರ್ ಆನ್ ಮಾಡಬೇಕು. ಮ್ಯಾಕ್ ಕಂಪ್ಯೂಟರ್ ಆದರೆ ಆಪ್ಷನ್ ಕೀ ಒತ್ತಿ ಹಿಡಿದು ಮೇಲಿನ ವೈ-ಫೈ ಚಿಹ್ನೆ ಕ್ಲಿಕ್ ಮಾಡಿ, ಚಾನೆಲ್ ಅಲ್ಲೇ ಬರೆದಿರುತ್ತದೆ.

ತೋಟದಮನೆ:

ನೋಡಿದೆ. ಚಾನೆಲ್ 13! ಪಕ್ಕದ ಮನೆಯವರದ್ದು 1. ಇನ್ನೊಂದು ಯಾವುದೋ 6ರಲ್ಲಿ ಮಸುಕಾಗಿ ಕಾಣುತ್ತಿದೆ. ಈಗ ಇದನ್ನು ಬದಲಾಯಿಸುವುದು ಹೇಗೆ?

ಸಿಗ್ನಲ್ ಸಂಗಾತಿ:

ತುಂಬಾ ಖುಷಿಯಾಯಿತು. ಇನ್ನು ಹತ್ತು ನಿಮಿಷದ ಕೆಲಸ.

ವೈ-ಫೈಗೆ ಸೇರಿರುವ ಫೋನಿನಲ್ಲಿ ಬ್ರೌಸರ್ ತೆರೆದು 192.168.1.1 ಅಂತ ಟೈಪ್ ಮಾಡಿ. ಮೊಬೈಲ್ ಡೇಟಾ ಆಫ್ ಇರಲಿ. ಪುಟ ಬರದಿದ್ದರೆ ರೂಟರ್ ಕೆಳಗಿನ ಚೀಟಿ ನೋಡಿ, ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಒಳಗೆ ಹೋದ ಮೇಲೆ ವೈರ್‌ಲೆಸ್ ಅಥವಾ ಡಬ್ಲ್ಯುಲ್ಯಾನ್ (WLAN) ಅನ್ನುವ ಮೆನು ಹುಡುಕಿ. ಅದರಲ್ಲಿ ಚಾನೆಲ್ "ಆಟೋ" ತೆಗೆದು 11 ಮಾಡಿ. 11 ಯಾಕೆ ಅಂದರೆ 1, 6, 11 ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ನಿಮ್ಮ ಸುತ್ತ 1 ಮತ್ತು 6 ಆಗಲೇ ಬಳಕೆಯಲ್ಲಿವೆ. ಅಲ್ಲೇ ಚಾನೆಲ್ ವಿಡ್ತ್ ಅಂತ ಇದ್ದರೆ 20 ಮೆಗಾಹರ್ಟ್ಸ್ ಇಡಿ. 40 ಇಟ್ಟರೆ ವೇಗ ಜಾಸ್ತಿ ಅನಿಸಬಹುದು, ಆದರೆ 2.4ರಲ್ಲಿ ಅದು ಅಕ್ಕಪಕ್ಕದವರ ಜಾಗವನ್ನೂ ತಿನ್ನುತ್ತದೆ, ನಿಮ್ಮ ಸಿಗ್ನಲ್ಲೂ ಕೆಡುತ್ತದೆ.

ದೇಶ ಅಥವಾ ರೀಜನ್ ಅಂತ ಇರುವುದನ್ನು ಮುಟ್ಟಬೇಡಿ, ಇಂಡಿಯಾ ಅಂತಲೇ ಇರಲಿ. ಅಮೆರಿಕ ಅಂತ ಇಟ್ಟರೂ 13 ಬರುವುದಿಲ್ಲ ಅಂತ ಕೆಲವರು ಸಲಹೆ ಕೊಡುತ್ತಾರೆ. ರೂಟರ್ ಇರುವುದು ಇಲ್ಲಿ, ಇಲ್ಲಿನ ನಿಯಮದಂತೆಯೇ ನಡೆಯಬೇಕು. ಚಾನೆಲ್ ಬದಲಿಸಿದರೆ ಸಾಕು. ಸೇವ್ ಮಾಡಿದಾಗ ಎಲ್ಲರ ಕನೆಕ್ಷನ್ ಒಮ್ಮೆ ಕಡಿದು ಮತ್ತೆ ಬರುತ್ತದೆ, ಗಾಬರಿ ಬೇಡ.

ಅಡಿಕೆ ಚಪ್ಪರ:

ಕೆಲವು ಕಡೆ ಕಂಪನಿಯವರು ರೂಟರ್ ಪುಟಕ್ಕೆ ಬೀಗ ಹಾಕಿರುತ್ತಾರೆ, ಗ್ರಾಹಕರಿಗೆ ಪಾಸ್‌ವರ್ಡ್ ಬದಲಿಸಲು ಮಾತ್ರ ಬಿಡುತ್ತಾರೆ. ಹಾಗಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "2.4 ಚಾನೆಲ್ 11ಕ್ಕೆ ಫಿಕ್ಸ್ ಮಾಡಿ" ಅಂತ ಸ್ಪಷ್ಟವಾಗಿ ಹೇಳಿ. ವೈ-ಫೈ ಸರಿ ಇಲ್ಲ ಅಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ, ಅಷ್ಟಕ್ಕೇ ಮುಗಿಸುತ್ತಾರೆ.

ಇನ್ನೊಂದು ಮಾತು. ನಮ್ಮ ಕಡೆ ಮಳೆಗಾಲದಲ್ಲಿ ರೂಟರ್‌ಗೊಂದು ಮಿನಿ ಯುಪಿಎಸ್ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಕೊಳ್ಳುವ ಮುಂಚೆ ರೂಟರ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ ಓದಿಕೊಳ್ಳಿ, ಆಂಪಿಯರ್ ಕೂಡ. ಗುಡುಗು ಮಿಂಚು ಜೋರಾದರೆ ಪ್ಲಗ್ ಕಿತ್ತಿಡುವುದೇ ಕ್ಷೇಮ.

ತೋಟದಮನೆ:

ಬಂತು! 11ಕ್ಕೆ ಹಾಕಿ ಸೇವ್ ಕೊಟ್ಟೆ, ಫೋನ್ ಕನೆಕ್ಷನ್ ಹೋಗಿ ಬಂತು, ಟ್ಯಾಬ್‌ನಲ್ಲಿ ನಮ್ಮ ಹೆಸರು ಪಟ್ಟಿಯ ತುದಿಯಲ್ಲೇ ಕಂಡಿತು. ಬೇಕೆಂದೇ ರೂಟರ್ ಆಫ್ ಮಾಡಿ ಆನ್ ಮಾಡಿದೆ, ಆಮೇಲೂ 11ರಲ್ಲೇ ಇದೆ. ಅಪ್ಪನ ಕೈಗೆ ಕೊಟ್ಟಾಯಿತು. ಸಿಗ್ನಲ್ ಸಂಗಾತಿಯವರಿಗೆ ಮನಸಾರೆ ಧನ್ಯವಾದ. ಶಿವಮೊಗ್ಗದ ಓಡಾಟ ಉಳಿಯಿತು.

ಬಯಲುಸೀಮೆ:

ಇದೇ ಚರ್ಚೆಯಲ್ಲಿ ಕೇಳಬಹುದಾ? ನನ್ನದು 2017ರ ಟ್ಯಾಬ್, ಆಂಡ್ರಾಯ್ಡ್ 7. ಮನೆಗೆ ಹೊಸ ರೂಟರ್ ಬಂದಾಗಿನಿಂದ ಕನೆಕ್ಟ್ ಆಗುತ್ತಿಲ್ಲ. ನಾನೂ ಚಾನೆಲ್ 6ಕ್ಕೆ ಬದಲಿಸಿದೆ, ಪ್ರಯೋಜನ ಆಗಲಿಲ್ಲ. ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿ ಇದೆ, ಆದರೂ ಒಳಗೆ ಬಿಡುವುದಿಲ್ಲ.

ಸಿಗ್ನಲ್ ಸಂಗಾತಿ:

ಖಂಡಿತ ಕೇಳಿ. ನಿಮ್ಮದು ಎರಡನೇ ಹೆಜ್ಜೆಯಲ್ಲಿ ನಿಂತಿದೆ, ಹಾಗಾಗಿ ಚಾನೆಲ್‌ನಿಂದ ಏನೂ ಆಗುವುದಿಲ್ಲ. ರೂಟರ್‌ನ ಸೆಕ್ಯುರಿಟಿ ಜಾಗದಲ್ಲಿ ಡಬ್ಲ್ಯುಪಿಎ3 (WPA3, ವೈ-ಫೈಗೆ ಬೀಗ ಹಾಕುವ ಹೊಸ ವಿಧಾನ; ಹಿಂದಿನದು ಡಬ್ಲ್ಯುಪಿಎ2) ಅಂತ ಇದೆಯಾ ನೋಡಿ. ಅದು ಬಂದದ್ದು 2018ರಲ್ಲಿ, ಆಂಡ್ರಾಯ್ಡ್ ಅದನ್ನು ಕಲಿತದ್ದು 2019ರ ಆಂಡ್ರಾಯ್ಡ್ 10ರಲ್ಲಿ. ನಿಮ್ಮ ಟ್ಯಾಬ್‌ಗೆ ಅದು ಗೊತ್ತೇ ಇಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಇದ್ದರೆ ಮೊದಲು ಅದನ್ನು ಹಾಕಿ. ಕೆಲವು ಹಳೆ ಟ್ಯಾಬ್ ಅದಕ್ಕೂ ಮುಗ್ಗರಿಸುತ್ತವೆ. ಆಗ ಬರೀ ಡಬ್ಲ್ಯುಪಿಎ2 ಇಡಿ. ಬದಲಿಸಿದ ಮೇಲೆ ಟ್ಯಾಬ್‌ನಲ್ಲಿ ಹಳೆ ನೆಟ್‌ವರ್ಕ್ ಮೇಲೆ ಒತ್ತಿ ಹಿಡಿದು "ಫರ್ಗೆಟ್" ಕೊಟ್ಟು ಹೊಸದಾಗಿ ಸೇರಿಸಿ.

ಬಯಲುಸೀಮೆ:

ಎರಡೂ ಸೇರಿದ್ದಕ್ಕೆ ಆಗಲಿಲ್ಲ, ಬರೀ 2 ಇಟ್ಟಾಗ ಸೇರಿತು. ಆದರೆ ಈಗ "ಕನೆಕ್ಟೆಡ್, ನೋ ಇಂಟರ್ನೆಟ್" ಅನ್ನುತ್ತಿದೆ. ಫೋನಿನಲ್ಲಿ ಇಂಟರ್ನೆಟ್ ಇದೆ.

ಅಡಿಕೆ ಚಪ್ಪರ:

ಟ್ಯಾಬ್ ಬಹಳ ದಿನ ಚಾರ್ಜ್ ಇಲ್ಲದೆ ಬಿದ್ದಿತ್ತಾ? ತಾರೀಕು ನೋಡಿ.

ಬಯಲುಸೀಮೆ:

ಹೌದು, ಬೀರುವಿನಲ್ಲಿ ಇತ್ತು. ತಾರೀಕು 2017 ಜನವರಿ ತೋರಿಸುತ್ತಿತ್ತು! ಕೈಯಾರೆ ಇವತ್ತಿನ ತಾರೀಕು ಹಾಕಿದೆ, ಎಲ್ಲ ಪುಟ ತೆರೆಯುತ್ತಿದೆ. ತಾರೀಕಿಗೂ ಇಂಟರ್ನೆಟ್‌ಗೂ ನಂಟಿದೆ ಅಂತ ಗೊತ್ತಿರಲಿಲ್ಲ. ಬರೀ ಡಬ್ಲ್ಯುಪಿಎ2 ಇಟ್ಟರೆ ಅಪಾಯ ಇಲ್ಲ ಅಲ್ವಾ?

ಸಿಗ್ನಲ್ ಸಂಗಾತಿ:

ಸುರಕ್ಷಿತ ಸೈಟ್‌ಗಳು ತೋರಿಸುವ ಸರ್ಟಿಫಿಕೇಟ್‌ಗೆ ಶುರುವಾಗುವ ದಿನ, ಮುಗಿಯುವ ದಿನ ಅಂತ ಇರುತ್ತದೆ. ಟ್ಯಾಬ್ 2017ರಲ್ಲಿ ಕೂತಿದ್ದರೆ ಈಗಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ ಅಂತ ಬಾಗಿಲು ಹಾಕುತ್ತದೆ. ಹೊಸ ಟ್ಯಾಬ್‌ನಲ್ಲಿ ತಾರೀಕು ಸರಿ ಇದ್ದೂ ಹೀಗಾದರೆ ಪ್ರೈವೇಟ್ ಡಿಎನ್ಎಸ್ (ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆಯ ಸೆಟ್ಟಿಂಗ್) ನೋಡಬೇಕು. ಆಂಡ್ರಾಯ್ಡ್ 9ರಿಂದ ಬಂದ ಆಯ್ಕೆ ಅದು. ಅಲ್ಲಿ ಯಾವುದೋ ತಪ್ಪು ಹೆಸರು ಉಳಿದಿದ್ದರೆ "ಆಟೋಮ್ಯಾಟಿಕ್" ಮಾಡಿ. ನಿಮ್ಮದರಲ್ಲಿ ಆ ಆಯ್ಕೆ ಇಲ್ಲ.

ಡಬ್ಲ್ಯುಪಿಎ2 ಮನೆಗೆ ಸಾಕು, ಆದರೆ ಜೊತೆಗೆ ಎಇಎಸ್ (AES, ಗಟ್ಟಿ ಗೂಢಲಿಪಿ) ಅಂತ ಇರಲಿ. ಟಿಕೆಐಪಿ (TKIP), ವೆಪ್ (WEP) ಹಳೆಯ ದುರ್ಬಲ ವಿಧಾನಗಳು, ಇವನ್ನು ಯಾವ ಕಾರಣಕ್ಕೂ ಆರಿಸಬೇಡಿ. ಪಾಸ್‌ವರ್ಡ್ ಉದ್ದ ಇರಲಿ. ಊರಿನ ಹೆಸರು, ಫೋನ್ ನಂಬರ್ ಬೇಡ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ. ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್‌ಗೆ ಬೇರೆ ಸೆಕ್ಯುರಿಟಿ ಇಡಲು ಬರುತ್ತದೆ ಅಂದರೆ ಇನ್ನೂ ಒಳ್ಳೆಯದು. ಮುಖ್ಯ ನೆಟ್‌ವರ್ಕ್ ಡಬ್ಲ್ಯುಪಿಎ3ರಲ್ಲೇ ಇರಲಿ, ಹಳೆ ಟ್ಯಾಬ್ ಮಾತ್ರ ಗೆಸ್ಟ್‌ನಲ್ಲಿ ಡಬ್ಲ್ಯುಪಿಎ2ಗೆ ಸೇರಲಿ. ಆಂಡ್ರಾಯ್ಡ್ 7ಕ್ಕೆ ಈಗ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ, ಆದ್ದರಿಂದ ಅದರಲ್ಲಿ ಬ್ಯಾಂಕ್ ಆ್ಯಪ್ ಹಾಕಬೇಡಿ. ವಿಡಿಯೊ, ಪೇಪರ್ ಓದಲು ಬಳಸಿ.