ಅಪ್‌ಡೇಟ್: ಮನೆ ಸೌದೆಗೆ ಚೈನ್‌ಸಾ, 16 ಇಂಚೇ ಸಾಕು

ಒಣ ಅಕೇಶಿಯಾ ಸೌದೆ ಕೊಯ್ಯಲು ಚೈನ್‌ಸಾಗೆ (ಮರ ಕೊಯ್ಯುವ ಮಿಷಿನ್) 16 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆ ಪಟ್ಟಿ) ಸಾಕೋ, 22 ಬೇಕೋ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. 16 ಇಂಚಿನ, 45 ಸಿಸಿ ಪೆಟ್ರೋಲ್ ಮಿಷಿನ್ ತಗೊಂಡೆ. ಒಂದಡಿ ದಪ್ಪದ ದಿಮ್ಮಿಗೆ ಧಾರಾಳ. ಇದಕ್ಕೆ 1 ಲೀಟರ್ ಪೆಟ್ರೋಲಿಗೆ 20 ಎಂಎಲ್ 2ಟಿ ಆಯಿಲ್ (ಟು-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬೆರೆಸಬೇಕು. ಪೆಟ್ರೋಲ್ ತುಂಬಿದಾಗಲೆಲ್ಲ ಚೈನ್ ಆಯಿಲನ್ನೂ ತುಂಬಲೇಬೇಕು, ಇಲ್ಲದಿದ್ದರೆ ಬಾರ್ ಕಾದು ಸವೆಯುತ್ತದೆ.

ಮಿಷಿನ್‌ಗಿಂತ ಚೈನಿನ ಹರಿತವೇ ಮುಖ್ಯ. ಚಕ್ಕೆಯ ಬದಲು ಹಿಟ್ಟಿನಂಥ ಹೊಟ್ಟು ಉದುರುತ್ತಿದ್ದರೆ ಹಲ್ಲು ಮೊಂಡಾಗಿದೆ ಅಂತಲೇ ಲೆಕ್ಕ. ನನ್ನ .325 ಇಂಚು ಪಿಚ್‌ನ (ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿ.ಮೀ. ದುಂಡು ಅರ, 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು. ಒಂದು ಬದಿಯ ಹಲ್ಲು ಗಿಡ್ಡವಾದರೆ ಕೊಯ್ತ ವಾರೆ ಹೋಗುತ್ತದೆ. ಬಾರಿನ ತುದಿಯ ಮೇಲ್ಭಾಗ ಮಾತ್ರ ದಯವಿಟ್ಟು ಮರಕ್ಕೆ ತಾಗಿಸಬೇಡಿ, ಮಿಷಿನ್ ಮುಖಕ್ಕೇ ಚಿಮ್ಮುತ್ತದೆ.