ಬಂಡೆಗಲ್ಲಿನ ಕರಾವಳಿಗೆ ಪ್ರವಾಸ: ಕೊಡಗಿನ ಮಳೆಗೂ ಕೆಡದಂತಹ ನೆನಪಿನ ವಸ್ತುವನ್ನು ಕೈಯಾರೆ ಮಾಡುವುದು ಹೇಗೆ?

ಪ್ರಶ್ನೆ (ವಿರಾಜಪೇಟೆಯಿಂದ)

ಡಿಸೆಂಬರ್ ರಜೆಯಲ್ಲಿ ಮಕ್ಕಳೊಂದಿಗೆ ಮಾಕುಟ್ಟದ ಘಾಟಿ ಇಳಿದು, ಇರಿಟ್ಟಿಯ ಮೂಲಕ ಕಣ್ಣೂರು ತಲುಪಿ, ಬೇಕಲ ಕೋಟೆ ನೋಡಿಕೊಂಡು ಮಲ್ಪೆಯವರೆಗೆ ಹೋಗಬೇಕೆಂದಿದ್ದೇವೆ. ಬರಿಯ ಮರಳಿಗಿಂತ ಅಲೆಗಳು ಬಂಡೆಗೆ ಬಡಿಯುವ ಜಾಗಗಳೇ ನಮಗೆ ಇಷ್ಟ. ಅಂಗಡಿಯ ಚಿಪ್ಪಿನ ಬೊಂಬೆಯ ಬದಲು ಮಕ್ಕಳೇ ಮಾಡಿದ ವಸ್ತುವೊಂದು ಮನೆಯ ಗೋಡೆಯ ಮೇಲಿರಲಿ ಎಂಬುದು ಆಸೆ. ಆದರೆ ಜೂನ್ ಬಂತೆಂದರೆ ನಮ್ಮಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂತಹ ತೇವವನ್ನು ತಾಳುವಂಥದ್ದು ಏನಿದೆ? ದಯವಿಟ್ಟು ತಿಳಿಸಿ.

ಉತ್ತರ 1 (ಉಡುಪಿಯಲ್ಲಿ ನೆಲೆಸಿರುವ ಮಡಿಕೇರಿಯವರು)

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಅಗತ್ಯವಾಗಿ ಹೋಗಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ ಬಿರಿದದ್ದರಿಂದ, ಅಲ್ಲಿನ ಕಲ್ಲು ಐದಾರು ಮುಖಗಳ ಕಂಬಗಳಾಗಿ ನಿಂತಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಚೂರನ್ನೂ ಮುರಿಯಬಾರದು. ಆದರೆ ಒಣಗಿದ ಕಂಬದ ತಲೆಯ ಮೇಲೆ ತೆಳು ಕಾಗದವನ್ನು ಬಿಗಿಯಾಗಿ ಹಿಡಿದು, ಮೇಣದ ಬಣ್ಣದ ಕಡ್ಡಿಯನ್ನು ಅಡ್ಡ ಮಲಗಿಸಿ ಉಜ್ಜಿದರೆ ಕಲ್ಲಿನ ಅಂಚು, ಬಿರುಕುಗಳೆಲ್ಲ ಕಾಗದಕ್ಕೆ ಇಳಿಯುತ್ತವೆ.

ಉತ್ತರ 2 (ಸೋಮವಾರಪೇಟೆಯ ಚಿತ್ರಕಲಾ ಶಿಕ್ಷಕಿ)

ಉಪಾಯ ಚೆನ್ನಾಗಿದೆ, ಆದರೆ ನಮ್ಮ ಮಳೆಗಾಲಕ್ಕೆ ಕಾಗದವನ್ನು ನಾನು ನಂಬುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಒಯ್ಯಿರಿ. ಹಸಿ ಮರಳಿನಲ್ಲಿ ಬೋಗುಣಿಯಷ್ಟು ಗುಳಿ ತೋಡಿ, ಕಪ್ಪೆಚಿಪ್ಪನ್ನೋ ಕಲ್ಲನ್ನೋ ಒತ್ತಿ ತೆಗೆದು, ಎರಡು ಪಾಲು ಪುಡಿಗೆ ಒಂದು ಪಾಲು ನೀರು ಬೆರೆಸಿ ಸುರಿಯಿರಿ. ಗಟ್ಟಿಯಾಗುವ ಮುನ್ನ ತೂಗುಹಾಕಲು ತೆಂಗಿನ ನಾರಿನ ಹುರಿಯೊಂದನ್ನು ಹುದುಗಿಸಿ. ಅರ್ಧ ಗಂಟೆಯಲ್ಲಿ ಎತ್ತಿದರೆ ತೀರದ ಮರಳೇ ಅದಕ್ಕೆ ಮೈಬಣ್ಣವಾಗಿ ಅಂಟಿಕೊಂಡಿರುತ್ತದೆ.

ಕಲಸುವುದಕ್ಕೆ ಸಮುದ್ರದ ನೀರು ಬೇಡ. ಉಪ್ಪಿನಿಂದ ಪ್ಲಾಸ್ಟರ್ ಕೈಗೆ ಸಿಗದಷ್ಟು ಬೇಗ ಗಟ್ಟಿಯಾಗುತ್ತದೆ. ಅಷ್ಟೇ ಅಲ್ಲ, ಒಳಗುಳಿದ ಉಪ್ಪು ಮಳೆಗಾಲದ ಗಾಳಿಯಿಂದ ತೇವವನ್ನು ಎಳೆದುಕೊಂಡು ವಸ್ತುವನ್ನು ಬೆವರಿಸುತ್ತದೆ, ಒಣಗಿದಾಗ ಬಿಳಿ ಪುಡಿಯಾಗಿ ಹೊರಬರುತ್ತದೆ. ಮನೆಯಲ್ಲಿ ಒಮ್ಮೆ ಸಿಹಿನೀರಿನಲ್ಲಿ ಅದ್ದಿ ತೆಗೆದು, ಜನವರಿಯ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಹಿಂಬದಿಯನ್ನೂ ಬಿಡದೆ ವಾರ್ನಿಷ್ ಬಳಿಯಿರಿ. ಇನ್ನೊಂದು ಮುಖ್ಯ ವಿಷಯ: ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುವುದರಿಂದ, ಕೈಯಚ್ಚಿನ ಆಸೆಗೆ ಮಕ್ಕಳ ಕೈಯನ್ನು ಅದರಲ್ಲಿ ಹುದುಗಿಸಿದರೆ ಸುಟ್ಟಗಾಯವಾದೀತು. ಕೈಯನ್ನು ಮರಳಿಗೆ ಒತ್ತಿಸಿದರೆ ಸಾಕು.

ಉತ್ತರ 3 (ಕುಶಾಲನಗರದಿಂದ)

ಅಚ್ಚು ತೆಗೆದ ಚಿಪ್ಪನ್ನು ಅಲ್ಲಿಯೇ ಬಿಟ್ಟುಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಹವಳಗಳನ್ನೂ ಕೆಲವು ಜಾತಿಯ ಶಂಖ, ಚಿಪ್ಪುಗಳನ್ನೂ 2001ರಲ್ಲಿ ಸೇರಿಸಲಾಗಿದೆ. ಯಾವುದು ಯಾವ ಜಾತಿಯೆಂದು ನಮ್ಮಂತಹ ಬೆಟ್ಟದವರಿಗೆ ಗುರುತು ಹತ್ತುವುದೂ ಕಷ್ಟ. ಮಿಕ್ಕ ಪ್ಲಾಸ್ಟರನ್ನು ಮರಳಿನಲ್ಲಿ ಹೂಳದೆ ಚೀಲದಲ್ಲಿ ವಾಪಸು ತನ್ನಿ. ಕಣ್ಣೂರಿನ ಪಯ್ಯಾಂಬಲಂ ಕಡೆಯ ಮುರಕಲ್ಲಿನ ದಿಬ್ಬಗಳ ಬುಡಕ್ಕೆ ಇಳಿಯುವುದಾದರೆ ಇಳಿತದ ಹೊತ್ತನ್ನು ಸ್ಥಳೀಯ ಮೀನುಗಾರರಲ್ಲಿ ಕೇಳಿಕೊಳ್ಳಿ. ಪಾಚಿ ಹಿಡಿದ ಕಲ್ಲಿನ ಮೇಲೆ ಮಕ್ಕಳನ್ನು ಬಿಡಬೇಡಿ.